ಲೀಗಿನ ಹೊರಗಿನ ಪಂದ್ಯ

ಹೆಂಡತಿಯ ತಮ್ಮ ಅಮೃತಪ್ಪ ತೀರಿಕೊಂಡ ಸುದ್ದಿ ಆಟದ ಮಾಸ್ತರ ಕಲ್ಯಾಣಪ್ಪನವರಿಗೆ ಶುಕ್ರವಾರ ಬೆಳಿಗ್ಗೆ ಕಾಲೇಜಿನ ಆಫೀಸಿನ ಫೋನಿನಲ್ಲಿ ಸಿಕ್ಕಿತು. ಆಗ ಅವರ ಮನಸ್ಸಿಗೆ ಮೊದಲು ಬಂದದ್ದು, ಹಾಗಾದರೆ ಆದಿತ್ಯವಾರದ ಪಂದ್ಯ ಇಲ್ಲ ಎಂಬುದು. ಅಮೃತ ಇಲ್ಲ ಎಂಬುದು ಆಮೇಲೆ ಬಂತು. ಎರಡರ ನಡುವೆ ಒಂದು ಉಸಿರಿನಷ್ಟು ಅಂತರ ಇದ್ದೀತು. ಆದರೆ ಆ ಉಸಿರು ಹಗುರಾಗಿತ್ತು. ಎದೆಯ ಮೇಲಿನ ಚೀಲವನ್ನು ಯಾರೋ ಇಳಿಸಿಕೊಂಡಂತೆ ಆಗಿದ್ದನ್ನು ಅವರ ಮೈ ತಿಳಿದುಕೊಂಡುಬಿಟ್ಟಿತ್ತು. ಗುಮಾಸ್ತೆ ಜಯಮ್ಮ ಟೈಪು ಮಾಡುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು. ತಮ್ಮ ಮುಖದಲ್ಲಿ ಅವಳಿಗೆ ಏನು ಕಂಡಿತೋ ಎಂದು ಹೆದರಿ ಅವರು ಗೋಡೆಯ ಕಡೆಗೆ ತಿರುಗಿಕೊಂಡರು.

“ಸರ್ರ, ಕೇಳಾಕತ್ತೀರೇನ್ರಿ? ನಾನ್ರಿ, ಅಮೃತಣ್ಣನ ಟೀಮಿನ ಹುಲಗೇಶ, ಪಟಾನ್‌ಚೆರುದಿಂದ. ರಾತ್ರಿ ಪಾಳಿ ಮುಗಿಸಿ ಅಮೃತಣ್ಣ ಬಸ್ ಸ್ಟಾಪಿಗೆ ಬಂದು ನಿಂತಿದ್ರು. ನಿಂತಲ್ಲೇ ಕುಂತಬಿಟ್ರು. ದವಾಖಾನಿಗೆ ಒಯ್ಯೂದರಾಗ ಮುಗದಿತ್ರಿ.”

“ಯಾರು?” ಎಂದರು ಕಲ್ಯಾಣಪ್ಪ. ಯಾರೆಂದು ಗೊತ್ತಿತ್ತು.

“ಅಮೃತಣ್ಣ, ಸರ್ರ,” ಎಂದು ಹುಲಗೇಶ ಇನ್ನೊಮ್ಮೆ ಹೇಳಿದ. ಅವನ ಹಿಂದೆ ಲಾರಿಗಳ ಸದ್ದು ಕೇಳುತ್ತಿತ್ತು.

ಕಾಲೇಜುಗಳ ಫುಟ್‌ಬಾಲ್ ಲೀಗು ಮುಂದಿನ ತಿಂಗಳಿತ್ತು. ಲೀಗಿನಲ್ಲಿ ಯಾರ ಮೇಲೆ ಯಾವಾಗ ಆಡಬೇಕೆಂಬುದನ್ನು ವಿಶ್ವವಿದ್ಯಾಲಯದವರು ಗೊತ್ತು ಮಾಡುತ್ತಾರೆ. ಅದರಲ್ಲಿ ಯಾರ ಮಾತೂ ನಡೆಯುವುದಿಲ್ಲ. ಅದಕ್ಕೆ ಮುಂಚೆ ಆಡುವ ಹೊರಗಿನ ಪಂದ್ಯಗಳು ಮಾತ್ರ ಆಟದ ಮಾಸ್ತರರ ಕೈಯಲ್ಲಿರುತ್ತವೆ. ಬೇರೆ ಕಾಲೇಜುಗಳ ಮಾಸ್ತರರು ಜಾಣರು. ಮೊನ್ನೆ ಮೊನ್ನೆ ತೆರೆದ ಕಾಲೇಜುಗಳನ್ನು ಹುಡುಕಿ, ಚೆಂಡು ಬಂದರೆ ಮುಖ ತಿರುಗಿಸುವ ಹುಡುಗರ ಮೇಲೆ ಮನಸ್ಸಿಗೆ ಬಂದಷ್ಟು ಗೋಲು ಹೊಡೆಸಿ ಬೋರ್ಡಿನ ಮೇಲೆ ಬರೆಸುತ್ತಿದ್ದರು. ಕಲ್ಯಾಣಪ್ಪನವರು ಪೊಲೀಸರ ತಂಡವನ್ನು ಕರೆಯುತ್ತಿದ್ದರು, ರೈಲ್ವೆಯವರನ್ನು ಕರೆಯುತ್ತಿದ್ದರು, ವರ್ಷಕ್ಕೊಮ್ಮೆ ಪಟಾನ್‌ಚೆರುವಿಗೆ ತಾವೇ ಹೋಗುತ್ತಿದ್ದರು. ಅಲ್ಲಿ ಒಂದು ಔಷಧ ಕಾರ್ಖಾನೆಯಲ್ಲಿ ಪಾಳಿಯ ಮೇಸ್ತ್ರಿಯಾಗಿದ್ದ ಅಮೃತಪ್ಪ, ಬೀದರ, ಗುಲಬರ್ಗಾ, ರಾಯಚೂರು ಕಡೆಯಿಂದ ಕೂಲಿಗೆ ಬಂದವರನ್ನು ಸೇರಿಸಿಕೊಂಡು ಒಂದು ತಂಡ ಕಟ್ಟಿದ್ದ. ಆ ತಂಡದ ಮೇಲೆ ಆಡಲು ಬೇರೆ ಯಾವ ಕಾಲೇಜೂ ಒಪ್ಪುತ್ತಿರಲಿಲ್ಲ. ಗೆದ್ದರೆ, ಕೂಲಿಯವರ ಮೇಲೆ ಗೆದ್ದದ್ದು ಏನು ಹೆಚ್ಚು ಎನ್ನುತ್ತಾರೆ. ಸೋತರೆ ಊರೆಲ್ಲ ನಗುತ್ತದೆ. ಸಾಮಾನ್ಯವಾಗಿ ಸೋಲುವುದೇ ಆಗುತ್ತಿತ್ತು. “ಮಾಮಾ, ಮೆತ್ತನ್ನ ಮಂದೀ ಮ್ಯಾಲೆ ಗೆದ್ದು ಏನ್ ಮಾಡ್ತೀರಿ? ನಮ್ಮ ಕೈಯಾಗ ಒಂದ್ಸಲ ಸೋತು ನೋಡ್ರಿ, ಲೀಗಿನ್ಯಾಗ ನಿಮ್ಮ ಹುಡುಗರಿಗೆ ಯಾರ ಅಂಜಿಕೀನೂ ಇರೂದಿಲ್ಲ,” ಎಂದು ಅಮೃತಪ್ಪ ಹೇಳುತ್ತಿದ್ದ. ಅದು ಖರೆಯೂ ಆಗುತ್ತಿತ್ತು. ಆದರೆ ಹೋದ ವರ್ಷ ಏಳು ಗೋಲು ಬಿದ್ದವು. ಈ ವರ್ಷ ಹುಡುಗರೆಲ್ಲ ಸಂಜೆಯಾದರೆ ಅಮೀರ್‌ಪೇಟೆಯ ಕಂಪ್ಯೂಟರ್ ಕ್ಲಾಸುಗಳಿಗೆ ಓಡುತ್ತಿದ್ದರು. ಮೈದಾನಕ್ಕೆ ಬಂದವರೂ ಗಡಿಯಾರ ನೋಡಿಕೊಂಡೇ ಓಡುತ್ತಿದ್ದರು. ಇಂಥ ತಂಡವನ್ನು ಕರೆದುಕೊಂಡು ಆದಿತ್ಯವಾರ ಅಲ್ಲಿಗೆ ಹೋಗುವುದನ್ನು ನೆನೆಸಿಕೊಂಡರೆ ಕಲ್ಯಾಣಪ್ಪನವರಿಗೆ ಹೆದರಿಕೆಯಾಗುತ್ತಿತ್ತು. ಹಿಂದಿನ ದಿನ ಬೆಳಿಗ್ಗೆ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆಗೆ ಕೂತಾಗ, ಎಂದೂ ಏನೂ ಬೇಡದ ಅವರು, ಹೇಗಾದರೂ ಮಾಡಿ ಈ ಆದಿತ್ಯವಾರ ತಪ್ಪಿಸು ತಂದೆ ಎಂದು ಬೇಡಿಬಿಟ್ಟಿದ್ದರು. ಮಳೆ ಬರಲಿ, ಬಸ್ಸು ನಿಲ್ಲಲಿ ಎಂದಷ್ಟೇ ಅವರ ಮನಸ್ಸಿನಲ್ಲಿತ್ತು. ಈಗ ಫೋನು ಕೆಳಗಿಟ್ಟ ಮೇಲೆ ಆ ಅಂಗೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಪ್ಯಾಂಟಿನ ಜೇಬಿನೊಳಗೆ ಇಟ್ಟುಕೊಂಡರು.

ಜಯಮ್ಮ ಹೋಗಿ ಹೇಳಿದ್ದಳೆಂದು ಕಾಣುತ್ತದೆ, ಸೆಕ್ರೆಟರಿ ಸತೀಶರಾಯರು ತಮ್ಮ ಕೋಣೆಯಿಂದ ಎದ್ದು ಬಂದರು. ತಂದೆಯ ನಂತರ ಸೆಕ್ರೆಟರಿಯಾದವರು. ವಯಸ್ಸಿನಲ್ಲಿ ಕಲ್ಯಾಣಪ್ಪನವರಿಗಿಂತ ಬಹಳ ಚಿಕ್ಕವರು. ಕಾಲೇಜಿಗೆ ಕಂಪ್ಯೂಟರ್ ಕೋರ್ಸು ತಂದು, ಬಣ್ಣದ ಜಾಹೀರಾತು ಅಚ್ಚು ಹಾಕಿಸಿ, ಹುಡುಗರು ಸಾಲುಗಟ್ಟಿ ನಿಲ್ಲುವಂತೆ ಮಾಡಿದ್ದರು. ಆ ಜಾಹೀರಾತಿನಲ್ಲಿ ಸೋಲನ್ನೇ ಕಾಣದ ಫುಟ್‌ಬಾಲ್ ತಂಡ ಎಂದು ಒಂದು ಸಾಲು ಬರಬೇಕೆಂಬುದು ಅವರ ಆಸೆ. ಅವರು ಕಲ್ಯಾಣಪ್ಪನವರ ಭುಜದ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ಕಪಟ ಇರಲಿಲ್ಲ.

“ಭಾಳ ಕೆಟ್ಟ ಆತ್ರಿ ಮಾಸ್ತರ. ನೀವು ಈಗಿಂದೀಗ ಹೊರಡ್ರಿ. ಹೆಂಡತಿ ತಮ್ಮ ಅಂದಮ್ಯಾಲೆ ನಿಮಗೂ ಮೂರು ದಿವಸ ಸೂತಕ ಬರ್ತದ, ಅಲ್ಲೇನ್ರಿ? ಶುಕ್ರವಾರ, ಶನಿವಾರ, ಆದಿತ್ಯವಾರ. ಸೋಮವಾರ ಬಂದರ ಸಾಕು.” ಭುಜದಿಂದ ಕೈ ತೆಗೆಯುತ್ತ ಮತ್ತೆ ಹೇಳಿದರು, “ಆದಿತ್ಯವಾರದ್ದು ಚಿಂತಿ ಮಾಡಬ್ಯಾಡ್ರಿ. ಸೂತಕದಾಗ ಎಲ್ಲಿ ಆಟಾರೀ? ನಾ ಇಲ್ಲೇ ಒಂದು ಫಾರ್ಮಸಿ ಕಾಲೇಜಿನವರನ್ನ ಕರಸ್ತೀನಿ. ನಮ್ಮ ಹುಡುಗರು ಆರಾಮ ಗೆಲ್ಲತಾರ.”

ರಾಯರ ಮನೆಯಲ್ಲಿ ಸೂತಕವೆಂದರೆ ದೇವರ ಕೋಣೆಯ ಬಾಗಿಲು ಮುಚ್ಚುತ್ತದೆ. ಎಲ್ಲರ ಮನೆಯಲ್ಲೂ ಹಾಗೆಯೇ ಎಂದು ಅವರು ತಿಳಿದಿದ್ದರು. ಕಲ್ಯಾಣಪ್ಪನವರ ಮನೆಯಲ್ಲಿ ಹಾಗಿಲ್ಲ. ಲಿಂಗ ಕಟ್ಟಿದವರಿಗೆ ಹುಟ್ಟಿನ ಸೂತಕವಿಲ್ಲ, ಸಾವಿನ ಸೂತಕವಿಲ್ಲ. ತಂದೆ ಹೋದ ದಿನವೂ ಅವರು ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಲಿಂಗಪೂಜೆಗೆ ಕೂತಿದ್ದರು. ನಮಗೆ ಸೂತಕವಿಲ್ಲರೀ ರಾಯರೆ ಎಂದು ಹೇಳಲು ಎಷ್ಟು ಮಾತು ಬೇಕು? ಅವರು ಬಾಯಿ ತೆರೆದರು. “ಹೂಂರಿ,” ಎಂದರು. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಅದೇ ಹಗುರ ಉಸಿರು ಇನ್ನೊಮ್ಮೆ ಬಂತು. ಈ ಸಲ ಅದನ್ನು ಒಳಗೆ ಕರೆದವರು ತಾವೇ.

ಕೋಠಿಯಲ್ಲಿ ಪಟಾನ್‌ಚೆರುವಿನ ಬಸ್ಸು ಹತ್ತಿದ ಮೇಲೆ ಹೆಂಡತಿ ಶಿವದೇವಿ ಕಿಟಕಿಯ ಪಕ್ಕ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಸುದ್ದಿ ಹೇಳಿದಾಗ ಅವಳು ಒಮ್ಮೆ ಜೋರಾಗಿ ಅತ್ತು, ಒಲೆ ಆರಿಸಿ, ಚೀಲಕ್ಕೆ ವಿಭೂತಿಯ ಗಟ್ಟಿ ಹಾಕಿಕೊಂಡು ಹೊರಟು ನಿಂತಿದ್ದಳು. ಅಮೀರ್‌ಪೇಟೆಯಲ್ಲಿ ಬಸ್ಸು ನಿಂತೇ ಬಿಟ್ಟಿತು. ಕಟ್ಟಡಗಳ ಮೈತುಂಬ ಕಂಪ್ಯೂಟರ್ ಕಲಿಸುವವರ ಬೋರ್ಡುಗಳು. ಕೆಳಗೆ ಕೈಯಲ್ಲಿ ಫೈಲು ಹಿಡಿದ ಹುಡುಗರ ಸಂತೆ. ಆ ಸಂತೆಯಲ್ಲಿ ತಮ್ಮ ತಂಡದ ಕ್ಯಾಪ್ಟನ್ ಶಿವಾನಂದನನ್ನು ಕಂಡಂತಾಗಿ ಕಲ್ಯಾಣಪ್ಪನವರು ತಲೆ ತಗ್ಗಿಸಿದರು. ಇದೇ ದಾರಿಯಲ್ಲಿ ಹೋದ ವರ್ಷ ಸೋತು ಮರಳುವಾಗ ಶಿವಾನಂದ ಹಿಂದಿನ ಸೀಟಿನಿಂದ, “ಸರ್ರ, ಇವರ ಮ್ಯಾಲೆ ಯಾಕ ಆಡಬೇಕ್ರಿ ನಾವು? ಇವ್ರೇನು ನಮ್ಮ ಲೀಗಿನ್ಯಾಗ ಅದಾರೇನ್ರಿ?” ಎಂದು ಕೇಳಿದ್ದ. ಕಲ್ಯಾಣಪ್ಪನವರು ಅಮೃತಪ್ಪ ಹೇಳುತ್ತಿದ್ದ ಮಾತನ್ನೇ ಅವನಿಗೆ ಹೇಳಿದ್ದರು. ಮಾರನೆಯ ವಾರ ಮಾಸ್ತರರ ಸಭೆಯಲ್ಲಿ ಸತೀಶರಾಯರು, “ನಮ್ಮ ಕಲ್ಯಾಣಪ್ಪನವರು ಭಾಳ ದೊಡ್ಡ ಮನಸ್ಸಿನವರು, ಹುಡುಕಿಕೊಂಡು ಹೋಗಿ ಸೋತು ಬರ್ತಾರ,” ಎಂದಾಗ ಎಲ್ಲರೂ ನಕ್ಕರು; ತಾವೂ ನಕ್ಕಿದ್ದರು. ನಗಬಾರದಾಗಿತ್ತು ಎಂಬುದು ತಿಂಗಳುಗಟ್ಟಲೆ ಬಾಯಲ್ಲಿ ಕಹಿಯಾಗಿ ಉಳಿಯಿತು. ಆ ಮಾತನ್ನು ಅಮೃತಪ್ಪನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವನು ಮುಂದಿನ ಸಲ ಎರಡು ಗೋಲು ಕಡಿಮೆ ಹೊಡೆಸುತ್ತಿದ್ದನೇ? ಇಲ್ಲ, ಹೊಡೆಸುತ್ತಿರಲಿಲ್ಲ. ಅಕ್ಕನ ಗಂಡನೆಂದು ಹಬ್ಬಕ್ಕೆ ಕಾಲಿಗೆ ಬೀಳುತ್ತಿದ್ದ, ಮೈದಾನದಲ್ಲಿ ಮುಖ ಕೂಡ ನೋಡುತ್ತಿರಲಿಲ್ಲ. “ಏನ್ ವಿಚಾರ ಮಾಡಾಕತ್ತೀರಿ?” ಎಂದಳು ಶಿವದೇವಿ. “ಏನಿಲ್ಲ,” ಎಂದರು. ಬಸ್ಸು ಮುಂದಕ್ಕೆ ಸರಿಯಿತು.

ಶನಿವಾರ ಬೆಳಿಗ್ಗೆ ಬೀದರಿನಿಂದ ನೆಂಟರು ಬಂದ ಮೇಲೆ ಮಣ್ಣು ಮಾಡಿದರು. ಕಾರ್ಖಾನೆಗಳ ಹಿಂದೆ, ಕಲ್ಲು ಬೆರೆತ ಕೆಂಪು ನೆಲದಲ್ಲಿ ಗುಣಿ ತೋಡಿದವರು ಅಮೃತಪ್ಪನ ತಂಡದವರೇ. ಗುಣಿಯೊಳಗೆ ಕೂಡಿಸಿದ ಅಮೃತಪ್ಪನ ಹಣೆಯ ಮೇಲೆ ವಿಭೂತಿ ದಪ್ಪವಾಗಿತ್ತು. ಅಂಗೈಯಲ್ಲಿ ಅವನ ಲಿಂಗವನ್ನಿಟ್ಟು ಅಯ್ಯನವರು ಮಂತ್ರ ಹೇಳಿದರು. ಎಲ್ಲರೂ ಬಿಲ್ವಪತ್ರಿ ಹಾಕಿದರು. ಕಲ್ಯಾಣಪ್ಪನವರು ಪತ್ರಿ ಹಾಕುವಾಗ ಅವನ ಕಾಲುಗಳನ್ನು ನೋಡಿದರು. ಮಡಚಿ ಕೂಡಿಸಿದ್ದರಿಂದ ಮೊಣಕಾಲಿನ ಹಳೆಯ ಗಾಯ ಕಾಣುತ್ತಿತ್ತು. ಆ ಗಾಯವಾದದ್ದು ಯಾವ ಪಂದ್ಯದಲ್ಲಿ ಎಂದು ನೆನಪು ಮಾಡಿಕೊಳ್ಳುತ್ತಿದ್ದಾಗಲೇ ಮಣ್ಣು ಬಿತ್ತು.

ಎಲ್ಲರೂ ನಳದ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ಹುಲಗೇಶ ಪಕ್ಕಕ್ಕೆ ಬಂದು ನಿಂತ. ಕಣ್ಣು ಕೆಂಪಾಗಿದ್ದವು.

“ಸರ್ರ, ಈಗ ಕೇಳಬಾರದು, ಕೇಳತೀನಿ. ನಾಳಿ ಮ್ಯಾಚ್ ಐತಿ, ಹೌದಲ್ರಿ? ನಮ್ಮ ಮಂದಿ ಪಾಳಿ ಬದಲಿ ಮಾಡಿಕೊಂಡಾರ. ಆಡೂದು ಬ್ಯಾಡ ಅಂತ ಅಮೃತಣ್ಣ ಯಾವತ್ತೂ ಅಂದವರಲ್ಲ. ಅವರ ಹೆಸರಿನ ಮ್ಯಾಲೆ ಆಡತೀವಿ ಅಂತಾರ ಎಲ್ಲಾರೂ.”

“ಹೆಂಗ ಆಡಾಕ ಬರ್ತೈತೋ ಹುಲಗೇಶ,” ಎಂದರು ಕಲ್ಯಾಣಪ್ಪ. ಆಮೇಲೆ, ಹಿಂದಿನ ದಿನ ಬೇರೆಯವರ ಬಾಯಿಂದ ಬಂದ ಮಾತು ಅವರ ಬಾಯಿಂದಲೇ ಬಂತು: “ಸೂತಕ ಐತಲ್ಲ.”

ಹುಲಗೇಶನಿಗೆ ಈ ಮಾತು ತಿಳಿಯಲಿಲ್ಲ.

“ನಿಮ್ಮಾಗ ಸೂತಕ ಇಲ್ಲಂತಲ್ರಿ? ನಮ್ಮವ್ವ ಸತ್ತಾಗ ನಾ ಹತ್ತು ದಿನ ಆಡಲಿಲ್ಲ. ಆಗ ಅಮೃತಣ್ಣ ಹೇಳಿದ್ರು, ‘ನಿಂದು ನಿನಗ ಬರೋಬ್ಬರಿ, ಕುಂದ್ರು. ನಮ್ಮಾಗಂತೂ ಅದು ಇಲ್ಲೋ, ನಾ ಸತ್ತರ ಮರುದಿನಾನ ಚೆಂಡ ಒದೀರಿ’ ಅಂತ. ಚೇಷ್ಟಿಗೆ ಅಂದಿದ್ರೇನ್ರಿ?”

ಯಾರೂ ನಗಲಿಲ್ಲ. ಅಯ್ಯನವರು ಪಾದ ತೊಳೆಯುವುದನ್ನು ಬಿಟ್ಟು ಕಲ್ಯಾಣಪ್ಪನವರ ಕಡೆ ನೋಡಿದರು. ಮತ್ತೆ ತೊಳೆಯತೊಡಗಿದರು. ಶಿವದೇವಿ ಕೊಡದ ಹತ್ತಿರ ನಿಂತಿದ್ದಳು. ಕಲ್ಯಾಣಪ್ಪನವರ ಕೊರಳಿನಲ್ಲಿ, ಅಂಗಿಯ ಒಳಗೆ ಲಿಂಗದ ಕರಡಿಗೆ ಇತ್ತು. ಅಷ್ಟು ಜನರ ನಡುವೆ ಅದನ್ನು ಕಳಚಿಟ್ಟು ನಿಂತವರಂತೆ ಅವರಿಗೆ ನಾಚಿಕೆಯಾಯಿತು.

ಅಮೃತಪ್ಪನ ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಶಿವದೇವಿ ಹಿತ್ತಿಲ ಬಾಗಿಲಲ್ಲಿ ಅವರನ್ನು ನಿಲ್ಲಿಸಿದಳು. “ಸೂತಕ ಅಂತ ಯಾರು ಹೇಳಿದ್ರು ನಿಮಗ?”

“ಸತೀಶರಾಯರು ಅಂದ್ರು. ನಾ ಸುಮ್ಮನಾದೆ.”

“ಯಾಕ ಸುಮ್ಮನಾದ್ರಿ?”

ಅವರು ಒದ್ದೆ ಟವೆಲ್ಲನ್ನು ಹಿಂಡತೊಡಗಿದರು. ಮೂವತ್ತು ವರ್ಷ ಒಟ್ಟಿಗೆ ಬಾಳಿದವಳಿಗೆ ಉತ್ತರ ಬೇಕಾಗಿರಲಿಲ್ಲ.

“ಸೋಲೂದು ನಿಮ್ಮ ಕಾಲೇಜಿಂದು, ನಿಮ್ಮದು. ಅದಕ್ಕ ನನ್ನ ತಮ್ಮನ ಹೆಣಾ ಅಡ್ಡ ಇಡಬ್ಯಾಡ್ರಿ,” ಎಂದಳು. ದನಿ ಏರಿಸಲಿಲ್ಲ. ಒಳಗೆ ತಮ್ಮನ ಹೆಂಡತಿ ಸುವರ್ಣಾ ಇದ್ದಳು.

ಮಧ್ಯಾಹ್ನ ಅವರೊಬ್ಬರೇ ಬಸ್ಸು ಹತ್ತಿ ಕೋಠಿಗೆ ಮರಳಿ ಬಂದರು. ಸತೀಶರಾಯರ ಮನೆ ಸುಲ್ತಾನ್ ಬಜಾರಿನ ಹಿಂದಿನ ಓಣಿಯಲ್ಲಿತ್ತು. ಸೂತಕದವರು ಮನೆಗೆ ಬಂದರೆಂದು ರಾಯರ ತಾಯಿ ಯಮುನಾಬಾಯಿ ಕುರ್ಚಿ ಕೊಡಲೋ ಬೇಡವೋ ಎಂದು ತೊಳಲಾಡಿದರು. ಕಲ್ಯಾಣಪ್ಪನವರು ಹೊಸ್ತಿಲ ಹೊರಗೇ ನಿಂತರು.

“ರಾಯರ, ನಮ್ಮಾಗ ಸೂತಕ ಇಲ್ರಿ. ನಿನ್ನೆ ನೀವು ಅಂದಾಗ ಹೇಳಬೇಕಾಗಿತ್ತು. ಹೇಳಲಿಲ್ಲ. ನಾಳಿ ಪಟಾನ್‌ಚೆರುದಾಗ ಪಂದ್ಯ ಆಡೂಣು.”

ಸತೀಶರಾಯರಿಗೆ ಮೊದಲು ಆಶ್ಚರ್ಯವಾಯಿತು. ಆಮೇಲೆ ಸಿಟ್ಟು ಬಂತು. ತಾವು ಅನುಕಂಪದಿಂದ ಕೊಟ್ಟದ್ದನ್ನು ಈ ಮನುಷ್ಯ ಮರಳಿ ತಂದು ಕೊಡುತ್ತಿದ್ದಾನೆ ಎಂಬುದು ಅವರಿಗೆ ಅವಮಾನವಾಗಿ ಕಂಡಿತು. “ಫಾರ್ಮಸಿಯವರಿಗೆ ಬರ್ರಿ ಅಂತ ಹೇಳೀನಿ ನಾ. ಈಗೇನು ಬ್ಯಾಡ ಅನ್ನಲೇನ್ರಿ? ಒಂದ ಮಾತು ಕೇಳತೀನಿ, ತಪ್ಪು ತಿಳೀಬ್ಯಾಡ್ರಿ. ಇಷ್ಟು ವರ್ಷ ನೀವು ಕಾಲೇಜಿನ ಪಂದ್ಯ ಹಚ್ಚತಿದ್ರೋ, ಮನಿ ಮಂದಿ ಪಂದ್ಯ ಹಚ್ಚತಿದ್ರೋ?”

ಇದಕ್ಕೆ ಉತ್ತರ ಇತ್ತು. ಪೊಲೀಸರು ತಮ್ಮ ನೆಂಟರಲ್ಲ, ರೈಲ್ವೆಯವರೂ ಅಲ್ಲ. ಆದರೆ ಹಿಂದಿನ ದಿನ ಒಂದು ಮಾತು ಹೇಳಬೇಕಾದಲ್ಲಿ ಹೇಳದೆ ಉಳಿದ ಮೇಲೆ, ಈಗ ಎಷ್ಟು ಹೇಳಿದರೂ ಬೆಲೆ ಇಲ್ಲವೆನ್ನಿಸಿತು. “ನಾಳಿ ಆಡೂಣ್ರಿ,” ಎಂದಷ್ಟೇ ಹೇಳಿದರು.

“ಆತು, ಆಡ್ರಿ. ನಾನೂ ಬರ್ತೀನಿ ನೋಡ್ಲಿಕ್ಕೆ. ಆದರ ನಾಳೆ ಸೋತರ, ಮುಂದಿನ ವರ್ಷದಿಂದ ಹೊರಗಿನ ಪಂದ್ಯ ಯಾರ ಮ್ಯಾಲೆ ಅಂಬೂದು ನಾ ಗೊತ್ತು ಮಾಡ್ತೀನಿ, ನೀವಲ್ಲ. ಸಮಾ ಆದರೂ ನಡೀತದ, ಸೋಲಬಾರದು. ಒಪ್ಪಿಗಿ ಅದನೋ?”

ಕಲ್ಯಾಣಪ್ಪನವರ ಕೈಯಲ್ಲಿ ಆ ಕಾಲೇಜಿನಲ್ಲಿ ಆ ಆಯ್ಕೆಯೊಂದು ಬಿಟ್ಟರೆ ಬೇರೇನೂ ಇರಲಿಲ್ಲ. ಒಪ್ಪಿದರು.

ಆದಿತ್ಯವಾರ ಬಿಸಿಲು ಮೆತ್ತಗಾದ ಮೇಲೆ ಆಟ ಶುರುವಾಯಿತು. ಹುಲ್ಲಿಲ್ಲದ ಮೈದಾನ, ಒಂದು ಬದಿಗೆ ಕಾರ್ಖಾನೆಯ ಗೋಡೆ, ಗಾಳಿಯಲ್ಲಿ ಯಾವಾಗಲೂ ಇರುವ ಔಷಧದ ವಾಸನೆ. ಸತೀಶರಾಯರು ಮೂಗಿಗೆ ಕರ್ಚೀಫು ಹಿಡಿದು ಕಾರಿಗೆ ಒರಗಿ ನಿಂತಿದ್ದರು. ಕಲ್ಯಾಣಪ್ಪನವರು ಗೆರೆಯ ಹತ್ತಿರ ನಿಂತು, ಎದುರು ಗೆರೆಯಲ್ಲಿ ಅಮೃತಪ್ಪ ನಿಲ್ಲುತ್ತಿದ್ದ ಜಾಗವನ್ನು ನೋಡಬಾರದೆಂದುಕೊಂಡು ಅದನ್ನೇ ನೋಡುತ್ತಿದ್ದರು. ಅಲ್ಲಿ ಯಾರೂ ನಿಂತಿರಲಿಲ್ಲ. ಆಟ ಅವರ ಕಣ್ಣಿಗೆ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು. ಬಿದ್ದ ಮೇಲೆ ಏನೋ ಸರಿಯಿಲ್ಲವೆನ್ನಿಸಿತು. ಹುಲಗೇಶ ಚೆಂಡು ತೆಗೆದುಕೊಂಡು ಬಂದು, ಗೋಲು ಎದುರಿಗಿದ್ದಾಗ, ಯಾರೂ ಇಲ್ಲದ ಕಡೆಗೆ ಒದೆಯುತ್ತಿದ್ದ. ಹೋದ ವರ್ಷ ಭುಜಕ್ಕೆ ಭುಜ ಕೊಟ್ಟು ಕೆಡವಿದ್ದವರು ಈಗ ಹುಡುಗರಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಇದನ್ನು ಕಂಡ ಮೇಲೂ ಕಲ್ಯಾಣಪ್ಪನವರು ಸುಮ್ಮನೆ ನಿಂತರು. ಹೀಗೇ ಮುಗಿದರೆ ಸಮ. ಸಮವಾದರೆ ಮುಂದಿನ ವರ್ಷವೂ ಪೊಲೀಸರನ್ನು ಕರೆಯಬಹುದು, ಇಲ್ಲಿಗೂ ಬರಬಹುದು. ಅಮೃತನ ತಂಡಕ್ಕೆ ಇನ್ನು ಯಾರು ಗತಿ? ಅದು ಉಳಿಯಬೇಕಾದರೆ ಈ ಪಂದ್ಯ ಸಮವಾಗುವುದೇ ಒಳ್ಳೆಯದಲ್ಲವೇ? ಮನಸ್ಸು ಎಷ್ಟು ಚೆನ್ನಾಗಿ ಮಾತಾಡುತ್ತದೆ, ಎಷ್ಟು ಮರ್ಯಾದೆಯ ಬಟ್ಟೆ ಹಾಕಿಕೊಂಡು ಬರುತ್ತದೆ ಎಂದು ಅವರಿಗೆ ಅನ್ನಿಸಿತು. ಮೊನ್ನೆಯೂ ಹೀಗೆಯೇ ಬಂದಿತ್ತು.

ಅರ್ಧ ಆಟ ಮುಗಿಯಿತು. ಎರಡೂ ಕಡೆ ಗೋಲು ಇರಲಿಲ್ಲ. ಸತೀಶರಾಯರು ಕಾರಿನ ಹತ್ತಿರದಿಂದ ಕೈಯೆತ್ತಿ, “ಛಲೋ ನಡದದ ಮಾಸ್ತರ, ಹಿಂಗೇ ಮುಗೀಲಿ,” ಎಂದರು. ಶಿವಾನಂದ ನೀರು ಕುಡಿಯದೆ ಬಂದು ಎದುರಿಗೆ ನಿಂತ. ಅವನ ಮುಖ ಸಿಟ್ಟಿನಿಂದ ಬಿಗಿದಿತ್ತು.

“ಸರ್ರ, ಇವ್ರು ನಮ್ಮ ಜೋಡಿ ಆಡಾಕತ್ತಿಲ್ರಿ. ಸಣ್ಣ ಹುಡುಗರನ್ನ ಆಡಿಸಿದಂಗ ಆಡಸಾಕತ್ತಾರ. ಇದಕ್ಕಿಂತ ಏಳು ಗೋಲು ಛಲೋ ಇತ್ರಿ.”

ಕಲ್ಯಾಣಪ್ಪನವರು ಮೈದಾನ ದಾಟಿ ಆಚೆ ಹೋದರು. ಕಾರ್ಮಿಕರು ನೆರಳಿನಲ್ಲಿ ಕೂತವರು ಎದ್ದು ನಿಂತರು.

“ಯಾಕೋ ಹುಲಗೇಶ, ಕಾಲ ಯಾಕ ಹಿಂದ ಹಿಡೀತಿ?”

“ನಿಮ್ಮ ಮಾರಿ ನೋಡಿ ಕಾಲ ಏಳವಲ್ದ್ರಿ ಸರ್ರ. ಅಮೃತಣ್ಣನ ಕಳಕೊಂಡು ಬಂದು ನಿಂತೀರಿ. ನಿಮಗ ಸೋಲಸೂದಂದ್ರ ಹೆಂಗ್ರಿ?”

“ನನ್ನ ಮಾರಿ ನೋಡಬ್ಯಾಡ, ಚೆಂಡ ನೋಡು. ಅವನಿದ್ದಿದ್ದರ ಈಗ ಏನಂತಿದ್ದ?”

ಹುಲಗೇಶ ತಲೆ ತಗ್ಗಿಸಿದ. “ಬೈತಿದ್ರಿ.”

“ಏನಂತ ಬೈತಿದ್ದ?”

“‘ದನಾ ಕಾಯಾಕ ಬಂದೀರೇನಲೇ ಮಕ್ಕಳ್ರ್ಯಾ’ ಅಂತಿದ್ರಿ.” ಹಿಂದೆ ಯಾರೋ ನಕ್ಕರು. ನಕ್ಕವನೇ ಮುಖಕ್ಕೆ ಅಂಗಿ ಒತ್ತಿಕೊಂಡ.

“ಅಂದ ಅಂತ ತಿಳೀರಿ. ಏಳ್ರಿ,” ಎಂದು ಕಲ್ಯಾಣಪ್ಪನವರು ತಮ್ಮ ಗೆರೆಗೆ ಮರಳಿದರು. ಮರಳುವಾಗ ಕಾರಿನ ಕಡೆಗೆ ನೋಡಲಿಲ್ಲ.

ಹುಡುಗರ ಮೇಲೆ ನಾಲ್ಕು ಗೋಲು ಬಿದ್ದವು. ಮೊದಲನೆಯದು ಬಿದ್ದಾಗ ಮಾಸ್ತರರ ಸಭೆಯ ಆ ನಗು ಕಲ್ಯಾಣಪ್ಪನವರ ಕಿವಿಯಲ್ಲಿ ಎದ್ದಿತು. ನಾಲ್ಕನೆಯದಕ್ಕೂ ಅದು ಹೋಗಿರಲಿಲ್ಲ. ಆದರೆ ಹುಡುಗರು ಆಡುತ್ತಿದ್ದರು. ಗಡಿಯಾರ ಯಾರೂ ನೋಡಲಿಲ್ಲ. ಶಿವಾನಂದ ಎರಡು ಸಲ ಬಿದ್ದು, ಮೊಣಕೈ ತರಚಿಸಿಕೊಂಡು, ಮೂರನೆಯ ಸಲ ಹುಲಗೇಶನ ಕಾಲಿನಿಂದಲೇ ಚೆಂಡು ಕಿತ್ತು ಒಯ್ದು ಒಂದು ಗೋಲು ಹೊಡೆದ. ಯಾರೂ ಬಿಟ್ಟುಕೊಟ್ಟ ಗೋಲಲ್ಲ ಅದು. ಹುಲಗೇಶ ನೆಲದ ಮೇಲೆ ಕೂತಲ್ಲಿಂದಲೇ, “ಅರೆ ವಾಹ್, ಕಂಪ್ಯೂಟರ್ ಸಾಹೇಬ್ರ!” ಎಂದು ಕೂಗಿದ.

ಆಟ ಮುಗಿದಾಗ ಸತೀಶರಾಯರು ಕಾರಿನೊಳಗೆ ಕೂತಿದ್ದರು. ಗಾಜು ಇಳಿಸಿ ಹೇಳಿದರು, “ಮುಂದಿನ ವರ್ಷದ್ದು ನಾ ನೋಡಕೋತೀನ್ರಿ.”

“ಆಗಲ್ರಿ,” ಎಂದರು ಕಲ್ಯಾಣಪ್ಪ. ಕಾರು ಹೋಯಿತು. ಕೈಯಲ್ಲಿದ್ದದ್ದು ಹೋಯಿತು ಎಂಬುದು ಅವರಿಗೆ ಸ್ಪಷ್ಟವಾಗಿ ತಿಳಿಯಿತು. ಅದಕ್ಕೆ ಸಮಾಧಾನ ಹೇಳಿಕೊಳ್ಳಲು ಹೋಗಲಿಲ್ಲ.

ಮನೆಯಲ್ಲಿ ಸುವರ್ಣಾ ಗೋಡೆಗೆ ಒರಗಿ ಕೂತಿದ್ದಳು. ಗಂಡ ಹೋದಾಗಿನಿಂದ ಅವಳು ಯಾರ ಹತ್ತಿರವೂ ಮಾತಾಡಿರಲಿಲ್ಲವೆಂದು ಹೆಂಗಸರು ಹೇಳುತ್ತಿದ್ದರು. ಶಿವದೇವಿ ಬಾಗಿಲಿಗೆ ಬಂದಳು.

“ಏನಾತ್ರಿ?”

“ಸೋತಿವಿ.”

“ಎಷ್ಟಕ್ಕ?”

“ನಾಕು, ಒಂದು.”

ಶಿವದೇವಿ ಒಳಗೆ ತಿರುಗಿ, “ಸುವರ್ಣಾ, ಅವನ ಮಂದಿ ನಾಕು ಹೊಡದಾರಂತವಾ,” ಎಂದಳು.

ಸುವರ್ಣಾ ತಲೆಯೆತ್ತಿ ಅವರಿಬ್ಬರನ್ನೂ ನೋಡಿದಳು. “ಹೋದ ವರ್ಷ ಏಳು ಹೊಡದಿದ್ರಲ್ರಿ, ಅಣ್ಣಾರ,” ಎಂದಳು. “ಮನಿಗೆ ಬಂದು ಇವರು ಉಣ್ಣಲಿಲ್ಲ ಅವತ್ತ. ಮಾಮಾಗ ಭಾಳ ಬ್ಯಾಸರಾಗಿರಬೇಕು ಅಂತ ಹೊರಳ್ಯಾಡಿದ್ರು.” ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಅಳು ಬಂತು. ಶಿವದೇವಿ ಹೋಗಿ ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದಳು.

ಕಲ್ಯಾಣಪ್ಪನವರು ಬಾವಿಯಂತೆ ತಂಪಾಗಿದ್ದ ಬಚ್ಚಲಿನಲ್ಲಿ ಮೈ ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿ, ಮೂಲೆಯಲ್ಲಿ ಮಣೆಯ ಮೇಲೆ ಕೂತರು. ಮೊನ್ನೆಯಿಂದ ಅವರು ಪೂಜೆಯನ್ನು ಬಿಟ್ಟಿರಲಿಲ್ಲ. ಆದರೆ ಅಂಗೈಯನ್ನು ನೋಡದೆ ಮಾಡಿದ್ದರು. ಈಗ ನೋಡಿದರು. ಲಿಂಗದಲ್ಲಿ ಬೆರೆತವನಿಗಾಗಿ ಬೇಡುವುದೇನೂ ಉಳಿದಿರುವುದಿಲ್ಲ ಎಂದು ಹಿರಿಯರು ಹೇಳಿಕೊಟ್ಟದ್ದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಡಿದರು. ತಂದೆ, ನಿನ್ನ ಹತ್ತಿರ ಬಂದವನು ಮೆತ್ತಗಿನ ಮನುಷ್ಯನಲ್ಲ, ಯಾರಿಗೂ ಬಿಟ್ಟುಕೊಟ್ಟವನಲ್ಲ. ತನ್ನವರಿಗಾಗಿ ಹಗಲೂ ರಾತ್ರಿ ಪಾಳಿ ಮಾಡಿದ ಜೀವ. ನಾವು ಅತ್ತದ್ದು ಅವನ ಕಿವಿಗೆ ಬೀಳದಿರಲಿ, ನಮ್ಮ ಚಿಂತೆ ಅವನ ಹಿಂದೆ ಬಾರದಿರಲಿ. ದಣಿದು ಬಂದಿದ್ದಾನೆ, ಕೂಡಿಸಿಕೋ. ಅಮೃತಪ್ಪನ ಆತ್ಮಕ್ಕೆ ನಿನ್ನಲ್ಲಿ ಶಾಂತಿಯಾಗಲಿ.